ಥಾಣೆ ಜಿಲ್ಲೆ: ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿ

ಥಾಣೆ ಮಹಾರಾಷ್ಟ್ರದ ಉತ್ತರ ಕೊಂಕಣದ ಜಿಲ್ಲೆ. ಅದರ ಆಡಳಿತ ಕೇಂದ್ರಕ್ಕೂ ಅದೇ ಹೆಸರು. ಪಶ್ಚಿಮಕ್ಕೆ ಮುಂಬಯಿ, ಪೂರ್ವಕ್ಕೆ ಸಹ್ಯಾದ್ರಿ, ದಕ್ಷಿಣಕ್ಕೆ ರಾಯಗಡ, ಉತ್ತರಕ್ಕೆ ಪಾಲಘರ್ ಇವೆ. 2011ರ ಜನಗಣತಿಯಲ್ಲಿ 1,10,60,148 ಜನರಿದ್ದ ಥಾಣೆ ದೇಶದಲ್ಲೇ ಅತಿ ಹೆಚ್ಚು ಜನಸಂಖ್ಯೆಯ ಜಿಲ್ಲೆಯಾಗಿತ್ತು. 2014ರ ಆಗಸ್ಟ್ 1ರಂದು ಪಾಲಘರ್ ಪ್ರತ್ಯೇಕ ಜಿಲ್ಲೆಯಾದಾಗ ಕಡಲತೀರದ ಬಹುಭಾಗ ಅದರ ಪಾಲಾಯಿತು. ಈಗ ಉಳಿದಿರುವುದು ಥಾಣೆ, ಕಲ್ಯಾಣ, ಭಿವಂಡಿ, ಉಲ್ಹಾಸನಗರ, ಅಂಬರನಾಥ, ಮುರಬಾಡ, ಶಹಾಪುರ ಎಂಬ ಏಳು ತಾಲೂಕುಗಳು.

ಜಿಲ್ಲೆಯ ಮುಖ್ಯ ನದಿ ಉಲ್ಹಾಸ್. ಸಹ್ಯಾದ್ರಿಯಲ್ಲಿ ಹುಟ್ಟಿ, ಕಾಳು ಮತ್ತು ಭಾತ್ಸಾ ನದಿಗಳ ನೀರನ್ನು ಕೂಡಿಸಿಕೊಂಡು, ಕಲ್ಯಾಣದ ಪಕ್ಕದಲ್ಲಿ ಹರಿದು ವಸಯಿ ಖಾರಿಯ ಮೂಲಕ ಕಡಲು ಸೇರುತ್ತದೆ. ದಕ್ಷಿಣಕ್ಕೆ ಚಾಚಿರುವ ಥಾಣೆ ಖಾರಿಯ ಕೆಸರುಗದ್ದೆಗಳಿಗೆ ಪ್ರತಿವರ್ಷ ರಾಜಹಂಸಗಳ ಹಿಂಡು ಬರುತ್ತದೆ. ಈ ಪ್ರದೇಶ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮುಂಬಯಿಗೆ ಕುಡಿಯುವ ನೀರು ಕೊಡುವ ತಾನ್ಸಾ, ಭಾತ್ಸಾ ಜಲಾಶಯಗಳಿರುವುದು ಶಹಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಆದಿವಾಸಿ ಹಾಡಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಮಹಾನಗರಕ್ಕೆ ನೀರುಣಿಸುವ ನೆಲದಲ್ಲಿ ಹೆಂಗಸರು ಕೊಡ ಹಿಡಿದು ಕಾಯುವ ಸ್ಥಿತಿ ಇನ್ನೂ ಮುಂದುವರಿದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಶಾಸನಗಳಲ್ಲಿ ಥಾಣೆಯ ಹೆಸರು ಸ್ಥಾನಕ. ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ ಅದು. ಈ ಮನೆತನ ತಲೆಯೆತ್ತಿದ್ದು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ. ಸಾಷ್ಟಿ ದ್ವೀಪದ ಕಾನ್ಹೇರಿ ಗುಹೆಗಳಲ್ಲಿರುವ 9ನೇ ಶತಮಾನದ ಶಾಸನಗಳಲ್ಲಿ ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿ ಅಮೋಘವರ್ಷ ನೃಪತುಂಗನನ್ನು ತಮ್ಮ ಚಕ್ರವರ್ತಿಯೆಂದು ಹೇಳಿಕೊಂಡಿದ್ದಾರೆ. ಕವಿರಾಜಮಾರ್ಗದ ಕಾಲದ ಅದೇ ನೃಪತುಂಗನ ಆಳ್ವಿಕೆ ಇಲ್ಲಿಯವರೆಗೂ ಚಾಚಿತ್ತು.

ಶಿಲಾಹಾರರು ಬಿಟ್ಟುಹೋದ ಅತ್ಯುತ್ತಮ ಕಟ್ಟಡ ಅಂಬರನಾಥದ ಶಿವಾಲಯ. ಅದರ ಶಾಸನದ ಕಾಲ ಶಕ 982, ಅಂದರೆ ಕ್ರಿ.ಶ. 1060, ಅರಸ ಮುಮ್ಮುಣಿ. ಮಂಟಪದಿಂದ ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಲಿಂಗವಿರುವುದು ನೆಲಮಟ್ಟಕ್ಕಿಂತ ಕೆಳಗೆ, ಮೇಲೆ ಶಿಖರ ಮುಚ್ಚಿಲ್ಲ, ಆಕಾಶ ನೇರ ಕಾಣುತ್ತದೆ. ಹೊರಗೋಡೆಯ ಶಿಲ್ಪಗಳು ಸಾಕಷ್ಟು ಸವೆದಿದ್ದರೂ ಅಂಗುಲ ಜಾಗವನ್ನೂ ಶಿಲ್ಪಿ ಖಾಲಿ ಬಿಟ್ಟಿರಲಿಲ್ಲವೆಂಬುದು ಗೊತ್ತಾಗುತ್ತದೆ.

ಕಲ್ಯಾಣ ಇನ್ನೂ ಹಳೆಯದು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕ ಗ್ರಂಥ ಪೆರಿಪ್ಲಸ್ ಈ ಬಂದರನ್ನು ಹೆಸರಿಸಿದೆ. ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕಲ್ಯಾಣ ಇದಲ್ಲ. ಅದು ಬೀದರ್ ಜಿಲ್ಲೆಯಲ್ಲಿದೆ. 1657ರಲ್ಲಿ ಶಿವಾಜಿ ಕಲ್ಯಾಣ, ಭಿವಂಡಿಗಳನ್ನು ಗೆದ್ದ. ಥಾಣೆ 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ, 1737ರಲ್ಲಿ ಮರಾಠರಿಗೆ, 1774ರ ಡಿಸೆಂಬರಿನಲ್ಲಿ ಇಂಗ್ಲಿಷರಿಗೆ ಸೇರಿತು. ಪೋರ್ಚುಗೀಸರು ಕಟ್ಟಲಾರಂಭಿಸಿದ ಕೋಟೆಯೇ ಇಂದಿನ ಸೆರೆಮನೆ. ನಾಸಿಕದ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದ ಅನಂತ ಕಾನ್ಹೇರೆಯನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಇಲ್ಲೇ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು 34 ಕಿ.ಮೀ. ಕ್ರಮಿಸಿ ಬಂದು ನಿಂತದ್ದು ಥಾಣೆಯಲ್ಲಿ. 14 ಡಬ್ಬಿ, ಸುಮಾರು 400 ಅತಿಥಿಗಳು, ಎಳೆಯಲು ಮೂರು ಇಂಜಿನ್. ಮರುವರ್ಷ ಹಳಿ ಖಾರಿ ದಾಟಿ ಕಲ್ಯಾಣ ಮುಟ್ಟಿತು. ಅಲ್ಲಿಂದ ಮುಂದಿನ ದಾರಿಯನ್ನು ನಿರ್ಧರಿಸಿದ್ದು ಸಹ್ಯಾದ್ರಿ. ಬೆಟ್ಟ ಹತ್ತಲು ಸಿಕ್ಕ ದಾರಿಗಳು ಎರಡೇ: ಕಸಾರಾದ ಮೇಲೆ ಥಳ್ ಘಾಟ್, ಕರ್ಜತ್‌ನ ಮೇಲೆ ಭೋರ್ ಘಾಟ್. ಮೊದಲನೆಯದು ನಾಸಿಕ, ಉತ್ತರ ಭಾರತಕ್ಕೆ. ಎರಡನೆಯದು ಪುಣೆ, ಸೊಲ್ಲಾಪುರ, ಕಲಬುರಗಿಗೆ. ಎರಡೂ ಕವಲೊಡೆಯುವ ಕಲ್ಯಾಣ ಜಂಕ್ಷನ್ ಆಯಿತು. 1916ರಲ್ಲಿ ಮುಂಬ್ರಾ ಗುಡ್ಡ ಕೊರೆದು ಮಾಡಿದ, 1.3 ಕಿ.ಮೀ. ಉದ್ದದ ಪಾರ್ಸಿಕ್ ಸುರಂಗ ಫಾಸ್ಟ್ ಗಾಡಿಗಳಿಗೆ ಒಳದಾರಿ ಒದಗಿಸಿತು.

ಡೊಂಬಿವಲಿ ರೈಲಿನಿಂದಲೇ ಬೆಳೆದ ಊರು. ಹಿಂದೆ ಆಗ್ರಿ ರೈತರ ಹಳ್ಳಿಗಳಿದ್ದ ಕಡೆ ಮುಂಬಯಿಯ ಬಾಡಿಗೆ ತಾಳಲಾರದ ಮಧ್ಯಮವರ್ಗ ಬಂದು ನೆಲೆಸಿತು. 2017ರಲ್ಲಿ 90ನೇ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿ. ಬೆಳಗಿನ ಲೋಕಲ್‌ನಲ್ಲಿ ಕಾಲಿಡಲೂ ಜಾಗ ಸಿಗದೆ, ಸೀಟು ಬೇಕಾದವರು ಮೊದಲು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತು ಮುಂಬಯಿಗೆ ಹೊರಡುವುದುಂಟು. 2025ರ ಜೂನ್ 9ರಂದು ಮುಂಬ್ರಾದ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಬಿದ್ದು ಪ್ರಾಣ ಕಳೆದುಕೊಂಡರು. ಡೊಂಬಿವಲಿಯ ಕೈಗಾರಿಕಾ ವಸಾಹತಿನ ರಾಸಾಯನಿಕ ಘಟಕಗಳಲ್ಲಿ 2016 ಮತ್ತು 2024ರ ಮೇ ತಿಂಗಳಲ್ಲಿ ಸಂಭವಿಸಿದ ಸ್ಫೋಟಗಳೂ ಅನೇಕರನ್ನು ಬಲಿ ತೆಗೆದುಕೊಂಡವು.

ನವಿಮುಂಬಯಿ ಯೋಜನೆಯ ನಗರ. 1960ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮಂಡಿಸಿದ ಕಲ್ಪನೆಯನ್ನು ಜಾರಿಗೆ ತರಲು 1970ರಲ್ಲಿ ಸರಕಾರಿ ನಗರಾಭಿವೃದ್ಧಿ ನಿಗಮ ಸಿಡ್ಕೋ ಹುಟ್ಟಿತು. ಖಾರಿಯ ಮೇಲೆ ವಾಶಿ ಸೇತುವೆ ಬಂತು, 1992ರಲ್ಲಿ ರೈಲು ಬಂತು, ಮುಂಬಯಿಯ ಸಗಟು ಮಾರುಕಟ್ಟೆಗಳೂ ಬಂದವು. ಗದ್ದೆ, ಉಪ್ಪಿನಾಗರ ಬಿಟ್ಟುಕೊಟ್ಟ ಆಗ್ರಿ, ಕೋಳಿ ಸಮುದಾಯಗಳ ಕುಟುಂಬಗಳು ದಿ.ಬಾ. ಪಾಟೀಲರ ಮುಂದಾಳತ್ವದಲ್ಲಿ ಹೋರಾಡಿದವು. 1984ರ ಜನವರಿಯಲ್ಲಿ ಉರಣ್ ತಾಲೂಕಿನಲ್ಲಿ ನಡೆದ ಗೋಲಿಬಾರಿಗೆ ಐವರು ಬಲಿಯಾದರು. ಬಿಟ್ಟುಕೊಟ್ಟ ಜಮೀನಿನ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿ ಅವರಿಗೆ ಸಿಕ್ಕಿದ್ದು ಆ ಹೋರಾಟದ ಫಲ. 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡ ನವಿಮುಂಬಯಿ ವಿಮಾನ ನಿಲ್ದಾಣ ಪಕ್ಕದ ರಾಯಗಡ ಜಿಲ್ಲೆಯಲ್ಲಿದೆ. ಅದೇ ವರ್ಷ ಜೂನ್‌ನಲ್ಲಿ ಪೂರ್ತಿಯಾದ 701 ಕಿ.ಮೀ.ಯ ಸಮೃದ್ಧಿ ಮಹಾಮಾರ್ಗ ನಾಗಪುರದಿಂದ ಬಂದು ಭಿವಂಡಿ ತಾಲೂಕಿನ ಆಮಣೆಯಲ್ಲಿ ಮುಗಿಯುತ್ತದೆ.

ಕನ್ನಡಿಗರು ಈ ಪಟ್ಟಣಗಳಿಗೆ ಬಂದದ್ದೂ ರೈಲು, ರಸ್ತೆಗಳ ದಾರಿಯಲ್ಲೇ. ಕಲಬುರಗಿ, ರಾಯಚೂರು ಕಡೆಯವರಿಗೆ ಕಲ್ಯಾಣದಲ್ಲಿ ನಿಲ್ಲುವ ಉದ್ಯಾನ್ ಎಕ್ಸ್‌ಪ್ರೆಸ್. ಕರಾವಳಿಯವರಿಗೆ 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡ ಮೇಲೆ ಥಾಣೆ, ಪನ್ವೇಲ್ ಮೂಲಕ ಹೋಗುವ ಮತ್ಸ್ಯಗಂಧ. ಅದಕ್ಕೂ ಮುಂಚೆ ಉಡುಪಿ, ಮಂಗಳೂರಿನವರು ಘಟ್ಟದ ರಸ್ತೆಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಹೋಟೆಲುಗಳು ಈಗ ಥಾಣೆಯಿಂದ ಅಂಬರನಾಥದವರೆಗೂ ಇವೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ಶಾಲೆ, ಕಾಲೇಜು ನಡೆಸುತ್ತಿದೆ.