ಕಾಣದ ಹುಲಿಗಳ ಲೆಕ್ಕ: ಸರ್ಕಾರಿ ಗಣತಿಯ ವಿಧಾನ, ವಿವಾದ ಮತ್ತು ಗುಡ್ಡ ಕುಸಿತದ ಪಟ್ಟಿಗಳು

2018ರ ಅಖಿಲ ಭಾರತ ಹುಲಿ ಅಂದಾಜಿನ ವರದಿಯಲ್ಲಿ ಎರಡು ಸಂಖ್ಯೆಗಳಿವೆ. ಕ್ಯಾಮೆರಾಗಳ ಮುಂದೆ ಹಾದುಹೋಗಿ, ಮೈಪಟ್ಟೆಗಳ ಆಧಾರದ ಮೇಲೆ ಒಂದೊಂದಾಗಿ ಗುರುತಿಗೆ ಸಿಕ್ಕ, ಒಂದು ವರ್ಷ ದಾಟಿದ ಹುಲಿಗಳು 2,461. ದೇಶದಲ್ಲಿ ಇರುವ ಹುಲಿಗಳೆಂದು ಸರ್ಕಾರ ಘೋಷಿಸಿದ್ದು 2,967. ಪತ್ರಿಕೆಗಳು ಎರಡನೆಯ ಸಂಖ್ಯೆಯನ್ನು ತಲೆಬರಹಕ್ಕೆ ಏರಿಸಿದವು, ಮೊದಲನೆಯದು ವರದಿಯ ಒಳಪುಟಗಳಲ್ಲೇ ಉಳಿಯಿತು. ನಡುವಿನ 506 ಹುಲಿಗಳನ್ನು ಆ ಸಮೀಕ್ಷೆಯ ಯಾವ ಕ್ಯಾಮೆರಾವೂ ಕಂಡಿರಲಿಲ್ಲ. ಕಾಣದ ಪ್ರಾಣಿಯನ್ನು ಸರ್ಕಾರ ತನ್ನ ದಾಖಲೆಗೆ ಸೇರಿಸಿಕೊಂಡಿತು ಎಂದರೆ ಸಾಮಾನ್ಯ ಓದುಗನಿಗೆ ಅನುಮಾನ ಹುಟ್ಟುವುದು ಸಹಜ. ಆದರೆ ಆ ಇಡೀ ವರದಿಯಲ್ಲಿ ವಿಜ್ಞಾನವೆಂದು ಕರೆಯಬಹುದಾದ ಭಾಗ ಇರುವುದೇ ಈ 506ರಲ್ಲಿ ಎಂಬುದು ಈ ಲೇಖನದ ವಾದ. ಸರ್ಕಾರಿ ನಿಗಾ ವ್ಯವಸ್ಥೆಯೊಂದರ ಯೋಗ್ಯತೆಯನ್ನು ಅದು ಎಷ್ಟು ಕಂಡಿತು ಎಂಬುದರಿಂದ ಅಳೆಯಲಾಗದು. ತನಗೆ ಕಾಣದೆ ಹೋದದ್ದನ್ನು ಅದು ಹೇಗೆ ಲೆಕ್ಕಕ್ಕೆ ತಂದುಕೊಂಡಿತು, ಆ ಲೆಕ್ಕವನ್ನು ಹೊರಗಿನವರು ಪರೀಕ್ಷಿಸಲು ಎಷ್ಟು ಅವಕಾಶ ಕೊಟ್ಟಿತು ಎಂದು ಕೇಳಬೇಕಾಗುತ್ತದೆ.

ಹೆಜ್ಜೆ ಗುರುತಿನ ಮೂರು ದಶಕ

1972ರಲ್ಲಿ ನಡೆದ ಮೊದಲ ರಾಷ್ಟ್ರೀಯ ಗಣತಿ 1,827 ಹುಲಿಗಳನ್ನು ಎಣಿಸಿತು. ಮರುವರ್ಷ, 1973ರ ಏಪ್ರಿಲ್ 1ರಂದು, ಬಂಡೀಪುರವೂ ಸೇರಿದಂತೆ ಒಂಬತ್ತು ಮೀಸಲು ಅರಣ್ಯಗಳೊಂದಿಗೆ ಹುಲಿ ಯೋಜನೆ ಆರಂಭವಾಯಿತು. ಎಣಿಕೆಯ ವಿಧಾನವನ್ನು ರೂಪಿಸಿದವರು ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ. ಮುಂದೆ ಸಿಮ್ಲಿಪಾಲ್ ಮೀಸಲು ಅರಣ್ಯದ ಕ್ಷೇತ್ರ ನಿರ್ದೇಶಕರಾದ ಅವರು ಕಾಡನ್ನು ನಡೆದು ಬಲ್ಲವರು. ಪ್ರತಿ ಹುಲಿಯ ಹೆಜ್ಜೆಯಲ್ಲೂ ಅದರದೇ ಆದ ವೈಶಿಷ್ಟ್ಯ ಇರುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಗೊತ್ತುಪಡಿಸಿದ ದಿನಗಳಲ್ಲಿ ದೇಶದ ಎಲ್ಲ ಬೀಟುಗಳಲ್ಲಿ ಗಾರ್ಡುಗಳು, ವಾಚರುಗಳು ಜೀಪ್ ದಾರಿ, ಹಳ್ಳದ ಮರಳು, ಕೆರೆಯ ಅಂಚುಗಳಲ್ಲಿ ಹೆಜ್ಜೆ ಹುಡುಕುತ್ತಿದ್ದರು. ಸಿಕ್ಕ ಹೆಜ್ಜೆಯ ಮೇಲೆ ಗಾಜಿನ ಹಲಗೆ ಇಟ್ಟು ಅಂಚನ್ನು ಗೆರೆಯಲ್ಲಿ ಇಳಿಸಿಕೊಳ್ಳುತ್ತಿದ್ದರು, ಕೆಲವೆಡೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುತ್ತಿದ್ದರು. ಹಿಂಗಾಲಿನ ಎಡಪಾದಕ್ಕೆ ಪ್ರಾಶಸ್ತ್ಯ. ಕೊನೆಗೆ ಮೇಲಧಿಕಾರಿಗಳು ಗೆರೆಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಹುಲಿಯದೆಂದು ತೋರಿದವನ್ನು ಒಟ್ಟುಗೂಡಿಸಿ, ಉಳಿದದ್ದನ್ನು ಎಣಿಸುತ್ತಿದ್ದರು.

ಈ ವಿಧಾನವನ್ನು ಇಂದು ಲೇವಡಿ ಮಾಡುವುದು ಸುಲಭ, ಅದು ನ್ಯಾಯವಲ್ಲ. ಹೆಜ್ಜೆ ನೋಡಿ ಗಂಡೋ ಹೆಣ್ಣೋ, ಎಷ್ಟು ಹೊತ್ತಿನ ಹಿಂದೆ ಹೋದದ್ದು ಎಂದು ಹೇಳಬಲ್ಲ ಜೇನು ಕುರುಬ ವಾಚರುಗಳ ಜ್ಞಾನ ಇಂದಿಗೂ ನಾಗರಹೊಳೆಯಲ್ಲಿ ಕ್ಯಾಮೆರಾ ಎಲ್ಲಿ ಕಟ್ಟಬೇಕೆಂಬುದಕ್ಕೆ ಆಧಾರ. ಒಂದು ಕಾಡಿನಲ್ಲಿ ಹುಲಿ ಇದೆಯೇ ಎಂದು ಹೇಳಲು ಹೆಜ್ಜೆ ಸಾಕು. ಎಷ್ಟಿವೆ ಎಂದು ಹೇಳಲು ಸಾಲದು. ಒಣ ಧೂಳಿನಲ್ಲಿ, ಹಡ್ಲಿನ ಕೆಸರಿನಲ್ಲಿ, ಇಳಿಜಾರಿನಲ್ಲಿ, ಓಡುವಾಗ ಮತ್ತು ನಿಧಾನವಾಗಿ ನಡೆಯುವಾಗ ಒಂದೇ ಪಾದ ಬೇರೆ ಬೇರೆ ಆಕಾರ ಬಿಡುತ್ತದೆ. ಮಲೆನಾಡಿನ ಎಲೆಹಾಸಿನ ಮೇಲೆ ಏನನ್ನೂ ಬಿಡುವುದಿಲ್ಲ. ವನ್ಯಜೀವಿ ಸಂಶೋಧಕ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಮೃಗಾಲಯದ ಕೆಲವೇ ಹುಲಿಗಳ ಹೆಜ್ಜೆಯ ಗೆರೆಚಿತ್ರಗಳನ್ನು ಅನುಭವಿಗಳ ಮುಂದಿಟ್ಟು ಎಣಿಸಲು ಕೇಳಿದಾಗ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ, ವಾಸ್ತವಕ್ಕೂ ಹೊಂದಲಿಲ್ಲ.

ಹೆಜ್ಜೆ ಅಸ್ಪಷ್ಟವಾಗಿದ್ದುದಕ್ಕಿಂತ ದೊಡ್ಡ ದೋಷ ಬೇರೆಯೇ ಇತ್ತು. ಎಲ್ಲ ಹುಲಿಗಳೂ ಸಿಕ್ಕಿವೆ ಎಂಬ ಭಾವನೆ ವಿಧಾನದ ಒಳಗೇ ಕುಳಿತಿತ್ತು. ಎಷ್ಟು ತಪ್ಪಿಹೋಗಿರಬಹುದು ಎಂದು ಕೇಳಲು ಅದರಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಫಲಿತಾಂಶಕ್ಕೆ ಮೇಲ್ಮಿತಿಯಾಗಲೀ ಕೆಳಮಿತಿಯಾಗಲೀ ಇರಲಿಲ್ಲ. 1989ರಲ್ಲಿ 4,334, 1993ರಲ್ಲಿ 3,750 ಎಂದು ಕೊನೆಯ ಅಂಕಿಯವರೆಗೂ ಖಚಿತವಾಗಿ ತೋರುವ ಸಂಖ್ಯೆಗಳು ಬಂದವು. ಕಾಡು ಕಾಯುವ ಇಲಾಖೆಯೇ ಎಣಿಸುತ್ತಿದ್ದುದರಿಂದ, ಸಂಖ್ಯೆ ಇಳಿದರೆ ಅದು ಇಲಾಖೆಯ ವೈಫಲ್ಯದ ಒಪ್ಪಿಗೆಯಾಗುತ್ತಿತ್ತು. ಪರಿಣಾಮ ರಾಜಸ್ಥಾನದ ಸರಿಸ್ಕಾದಲ್ಲಿ ಬಯಲಾಯಿತು. ಕಾಗದದ ಮೇಲೆ ಹತ್ತಕ್ಕೂ ಹೆಚ್ಚು ಹುಲಿಗಳಿದ್ದ ಆ ಮೀಸಲಿನಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ದೃಢಪಡಿಸಿತು. ಕಳ್ಳಬೇಟೆ ನಡೆಯುತ್ತಿದ್ದ ಹೊತ್ತಿನಲ್ಲೇ ಗಣತಿಯ ವರದಿಗಳು ಮೇಲಕ್ಕೆ ಹೋಗುತ್ತಿದ್ದವು. ಸುನೀತಾ ನಾರಾಯಣ್ ಅಧ್ಯಕ್ಷತೆಯ ಹುಲಿ ಕಾರ್ಯಪಡೆ ಅದೇ ವರ್ಷ ವರದಿ ಕೊಟ್ಟಿತು, 2006ರ ಕಾನೂನು ತಿದ್ದುಪಡಿಯಿಂದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು, ಹೆಜ್ಜೆ ಗಣತಿ ಕೊನೆಗೊಂಡಿತು.

ಬಾತುಕೋಳಿಯಿಂದ ಹುಲಿಗೆ

ಅದರ ಜಾಗಕ್ಕೆ ಬಂದ ತರ್ಕ ಹುಲಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ಸರ್ಕಾರಿ ಜೀವಿ ಸಮೀಕ್ಷಾ ಇಲಾಖೆಯಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ನೋಡಿಕೊಳ್ಳುತ್ತಿದ್ದ ಫ್ರೆಡೆರಿಕ್ ಲಿಂಕನ್ 1930ರಲ್ಲಿ ಒಂದು ಸಣ್ಣ ಪ್ರಕಟಣೆ ಹೊರತಂದ. ಬೇಟೆಗಾರರು ಹೊಡೆದ ಬಾತುಕೋಳಿಗಳಲ್ಲಿ ಉಂಗುರವಿದ್ದವು ಎಷ್ಟು ಪಾಲೋ, ಖಂಡದ ಎಲ್ಲ ಬಾತುಕೋಳಿಗಳಲ್ಲಿ ಉಂಗುರ ತೊಡಿಸಿದವೂ ಸರಿಸುಮಾರು ಅಷ್ಟೇ ಪಾಲು ಇರಬೇಕು. ಡೆನ್ಮಾರ್ಕಿನ ಪೀಟರ್ಸನ್ ಮೀನುಗಳ ವಿಚಾರದಲ್ಲಿ ಇದಕ್ಕೂ ಮೊದಲೇ ಇಂಥದೇ ದಾರಿ ಹಿಡಿದಿದ್ದ.

ಹುಲಿಗೆ ಅನ್ವಯಿಸಿ ನೋಡೋಣ. ಮೊದಲ ಸುತ್ತಿನಲ್ಲಿ 20 ಹುಲಿಗಳ ಚಿತ್ರ ಸಿಕ್ಕಿತು ಎನ್ನಿ. ಎರಡನೆಯ ಸುತ್ತಿನಲ್ಲಿ ಸಿಕ್ಕ 24ರಲ್ಲಿ 16 ಹಳೆಯ ಮುಖಗಳು. ಅಂದರೆ ಮೊದಲ ಸುತ್ತು ಇದ್ದ ಹುಲಿಗಳಲ್ಲಿ ಮೂರನೇ ಎರಡು ಪಾಲನ್ನು ಹಿಡಿದಿತ್ತು, ಒಟ್ಟು ಸುಮಾರು 30 ಇರಬೇಕು. ಎರಡೂ ಸುತ್ತು ಸೇರಿ ಕಂಡದ್ದು 28. ಉಳಿದ ಎರಡು ಯಾರ ಕಣ್ಣಿಗೂ ಬೀಳದೆಯೇ ಲೆಕ್ಕಕ್ಕೆ ಬಂದವು. ಹುಲಿಗೆ ಉಂಗುರವನ್ನು ಹುಟ್ಟಿನಲ್ಲೇ ಚರ್ಮದ ಮೇಲೆ ಬರೆದು ಕಳಿಸಲಾಗಿದೆ. ಅದರ ಎಡ ಮತ್ತು ಬಲ ಮಗ್ಗುಲಿನ ಪಟ್ಟೆಗಳು ಬೇರೆಯಾಗಿರುವುದರಿಂದ ಕ್ಯಾಮೆರಾಗಳನ್ನು ದಾರಿಯ ಎರಡೂ ಬದಿಗೆ ಜೋಡಿಯಾಗಿ ಕಟ್ಟಬೇಕಾಗುತ್ತದೆ.

ನಾಗರಹೊಳೆಯಲ್ಲಿ 1990ರ ದಶಕದ ಆರಂಭದಿಂದ ಕಾರಂತರು ಇದನ್ನು ಮಾಡಿ ತೋರಿಸಿದರು. 1995ರಲ್ಲಿ ಮೊದಲ ಪ್ರಬಂಧ ಬಂತು. 1998ರ ಪ್ರಬಂಧದಲ್ಲಿ ನಾಗರಹೊಳೆಯ ಜತೆಗೆ ಕಾನ್ಹಾ, ಪೆಂಚ್, ಕಾಜಿರಂಗಾ ಸೇರಿದವು. ಅದರ ಸಹಲೇಖಕ ಜೇಮ್ಸ್ ನಿಕೋಲ್ಸ್, ಮೇರಿಲ್ಯಾಂಡಿನ ಪಟಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದ ಸರ್ಕಾರಿ ವಿಜ್ಞಾನಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಅಡಿಯಲ್ಲಿದ್ದ ಆ ಕೇಂದ್ರವೇ ಲಿಂಕನ್‌ನ ಉಂಗುರದ ದಾಖಲೆಗಳ ವಾರಸುದಾರನಾಗಿತ್ತು. 1966ರಲ್ಲಿ ಆರಂಭವಾದ ಉತ್ತರ ಅಮೆರಿಕದ ಸಂತಾನೋತ್ಪತ್ತಿ ಕಾಲದ ಹಕ್ಕಿ ಸಮೀಕ್ಷೆಯನ್ನು ನಡೆಸುತ್ತಿದ್ದುದೂ ಅದೇ. 2009ರಲ್ಲಿ ಅದೇ ಕೇಂದ್ರದ ಆಂಡ್ರ್ಯೂ ರಾಯ್ಲ್, ಹುಲಿ ಸಿಕ್ಕ ಸ್ಥಳವನ್ನೂ ಲೆಕ್ಕದೊಳಗೆ ತರುವ ಹೊಸ ಮಾದರಿಯನ್ನು ಕಾರಂತರ ತಂಡದೊಡನೆ ವಿವರಿಸಿದಾಗ ಉದಾಹರಣೆಗೆ ಬಳಸಿಕೊಂಡದ್ದು ನಾಗರಹೊಳೆಯ ಅಂಕಿಅಂಶ. ಒಂದು ಸರ್ಕಾರದ ವಿಜ್ಞಾನಿಗಳ ತರ್ಕ ಸರ್ಕಾರೇತರ ಸಂಶೋಧಕರೊಬ್ಬರ ಮೂಲಕ ಕರ್ನಾಟಕದ ಕಾಡಿಗೆ ಬಂದು, ಸರಿಸ್ಕಾದ ಅವಮಾನದ ನಂತರವಷ್ಟೇ ನಮ್ಮ ಸರ್ಕಾರದ ಕೈಸೇರಿತು. ಈ ಸುತ್ತುದಾರಿ ಯೋಚಿಸತಕ್ಕದ್ದು.

ವರ್ಷದಿಂದ ವರ್ಷಕ್ಕೆ ಅದೇ ಕಾಡಿನಲ್ಲಿ ಈ ಕೆಲಸ ಮುಂದುವರಿದಾಗ ಬರೀ ಎಣಿಕೆಗಿಂತ ದೊಡ್ಡ ಸಂಗತಿ ಹೊರಬಿತ್ತು. ನಾಗರಹೊಳೆಯ ಒಂಬತ್ತು ವರ್ಷಗಳ ಅಧ್ಯಯನದಲ್ಲಿ ಗುರುತಿಗೆ ಸಿಕ್ಕ ಹುಲಿಗಳು 74, ವಾರ್ಷಿಕ ಉಳಿವಿನ ಅಂದಾಜು 0.77. ಅಂದರೆ ಚೆನ್ನಾಗಿರುವ ಕಾಡಿನಲ್ಲೂ ವರ್ಷಕ್ಕೆ ಸುಮಾರು ನಾಲ್ಕರಲ್ಲೊಂದು ಹುಲಿ ಸಾಯುತ್ತದೆ ಅಥವಾ ಬೇರೆಡೆ ಹೋಗುತ್ತದೆ, ಆದರೂ ಸಂತತಿ ಕುಗ್ಗುವುದಿಲ್ಲ. ಗಡಿಗ್ರಾಮದಲ್ಲಿ ಒಂದು ಹುಲಿ ಸತ್ತಾಗ ಹುಲಿ ಸಂತತಿಗೇ ಕುತ್ತು ಬಂತೆಂದು ಬರೆಯುವವರೂ, ಬೇಟೆಪ್ರಾಣಿ ಇಲ್ಲದ ಕಾಡಿನಲ್ಲಿ ಹುಲಿಯನ್ನು ಮಾತ್ರ ಕಾಯುತ್ತೇವೆನ್ನುವವರೂ ಈ ಒಂದು ದಶಮಾಂಶ ಸಂಖ್ಯೆಯನ್ನು ಗಮನಿಸಬೇಕು. ಕಡವೆ, ಜಿಂಕೆ, ಕಾಟಿಗಳು ಸಾಕಷ್ಟಿದ್ದರೆ ಹುಲಿ ತನ್ನ ನಷ್ಟ ತುಂಬಿಕೊಳ್ಳುತ್ತದೆ.

ಸಂಖ್ಯೆ ಗುರಿಯಾದಾಗ

2006ರ ಸಮೀಕ್ಷೆ 1,411 ಎಂದಿತು, ಜತೆಗೆ 1,165ರಿಂದ 1,657ರ ವ್ಯಾಪ್ತಿಯನ್ನೂ ಕೊಟ್ಟಿತು. ಸರ್ಕಾರ ತನ್ನ ಅನಿಶ್ಚಿತತೆಯನ್ನು ಅಚ್ಚುಮಾಡಿದ್ದು ಆಡಳಿತದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಭಾರತೀಯ ವನ್ಯಜೀವಿ ಸಂಸ್ಥೆಯ ಯಾದವೇಂದ್ರದೇವ್ ಝಾಲಾ, ಕಮರ್ ಖುರೇಷಿ ಮತ್ತಿತರರು ರೂಪಿಸಿದ ವಿಧಾನದಲ್ಲಿ ಮೊದಲು ಬೀಟ್ ಗಾರ್ಡುಗಳು ನಡೆದು ಹೆಜ್ಜೆ, ಮಲ, ಗೀರುಗಳನ್ನೂ ಬೇಟೆಪ್ರಾಣಿಗಳನ್ನೂ ದಾಖಲಿಸುತ್ತಾರೆ. ಕಾಡಿನ ಹೊದಿಕೆ, ರಸ್ತೆ, ಊರುಗಳ ದೂರ ಉಪಗ್ರಹ ಚಿತ್ರಗಳಿಂದ ಬರುತ್ತದೆ. ಆಯ್ದ ಜಾಗಗಳಲ್ಲಿ ಕ್ಯಾಮೆರಾ ಕೂರುತ್ತದೆ. ಕ್ಯಾಮೆರಾ ಇಲ್ಲದ ಕಾಡುಗಳ ಸಂಖ್ಯೆಯನ್ನು ಕುರುಹುಗಳು ಮತ್ತು ಕ್ಯಾಮೆರಾದ ಅಂದಾಜಿನ ನಡುವಿನ ಸಂಬಂಧದಿಂದ ಊಹಿಸಬೇಕು. ವಿವಾದ ಹುಟ್ಟಿದ್ದು ಈ ಕೊನೆಯ ಹೆಜ್ಜೆಯಲ್ಲಿ. 2015ರಲ್ಲಿ ಅರ್ಜುನ್ ಗೋಪಾಲಸ್ವಾಮಿ, ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೋಹನ್ ದೇಲಂಪಾಡಿ, ಕಾರಂತರು ಮತ್ತು ಸಂಗಡಿಗರು, ಕುರುಹುಗಳು ಕಣ್ಣಿಗೆ ಬೀಳುವ ಸಂಭವ ಜಾಗದಿಂದ ಜಾಗಕ್ಕೆ ಬದಲಾಗುವಾಗ ಕುರುಹು ಮತ್ತು ಹುಲಿಸಂಖ್ಯೆಯ ನಡುವೆ ಅಷ್ಟು ಬಿಗಿಯಾದ ಸಂಬಂಧ ಸಿಗುವುದು ಗಣಿತದ ದೃಷ್ಟಿಯಿಂದ ಅಪರೂಪ ಎಂದು ತೋರಿಸಿದರು. ಸರ್ಕಾರಿ ತಂಡ ಒಪ್ಪಲಿಲ್ಲ, ಉತ್ತರವನ್ನೂ ಕೊಟ್ಟಿತು. ಆದರೆ ಮುಂದಿನ ಸುತ್ತುಗಳಲ್ಲಿ ಕ್ಯಾಮೆರಾದ ವ್ಯಾಪ್ತಿ ಬಹಳ ಹಿಗ್ಗಿತು: 2018ರಲ್ಲಿ 26,838 ಸ್ಥಳಗಳು, 3.4 ಕೋಟಿಗೂ ಹೆಚ್ಚು ಚಿತ್ರಗಳು. ಊಹೆಗೆ ಬಿಟ್ಟ ಪಾಲು ಕಿರಿದಾಯಿತು.

ನನ್ನ ಆಕ್ಷೇಪ ಇರುವುದು ಸಂಖ್ಯೆಗಳನ್ನು ಹೋಲಿಸುವ ರೀತಿಗೆ. 2010ರ ಸೇಂಟ್ ಪೀಟರ್ಸ್‌ಬರ್ಗ್ ಸಮಾವೇಶದಲ್ಲಿ, 2022ರ ಹೊತ್ತಿಗೆ ಹುಲಿಗಳನ್ನು ಇಮ್ಮಡಿಗೊಳಿಸುವ ಗುರಿ ಒಪ್ಪಿತವಾಯಿತು. 1,411ರಿಂದ 2,967ಕ್ಕೆ ಬಂದಾಗ ಗುರಿ ಅವಧಿಗೆ ಮೊದಲೇ ಮುಟ್ಟಿತೆಂದು ಸಂಭ್ರಮಿಸಲಾಯಿತು. ಆದರೆ 1,411ರಲ್ಲಿ ಸುಂದರಬನ ಇರಲಿಲ್ಲ. ಹಿಂದಿನ ಸುತ್ತುಗಳಲ್ಲಿ ಒಂದೂವರೆ ವರ್ಷ ದಾಟಿದ ಹುಲಿಗಳನ್ನು ಎಣಿಸಿದ್ದರೆ 2018ರಲ್ಲಿ ಒಂದು ವರ್ಷದವೂ ಸೇರಿದವು. ಸಮೀಕ್ಷೆಯ ವ್ಯಾಪ್ತಿ ಬೆಳೆದಿತ್ತು. ಹುಲಿ ಹೆಚ್ಚಿರುವುದು ನಿಜವೇ ಇರಬೇಕು, ಕರ್ನಾಟಕದಲ್ಲಂತೂ 2010ರ 300ರಿಂದ 2022ರ 563ರವರೆಗಿನ ಏರಿಕೆಯನ್ನು ಬರೀ ವಿಧಾನದ ಮಾಯೆ ಎನ್ನಲಾಗದು. ಆದರೆ ಏರಿಕೆಯಲ್ಲಿ ಎಷ್ಟು ಪಾಲು ಹುಲಿಯದು, ಎಷ್ಟು ಪಾಲು ನಮ್ಮ ಹುಡುಕಾಟದ್ದು ಎಂದು ಬೇರ್ಪಡಿಸಲು ಮೂಲ ದತ್ತಾಂಶ ಬೇಕು. ಪಟಕ್ಸೆಂಟಿನ ಹಕ್ಕಿ ಸಮೀಕ್ಷೆಯ ದತ್ತಾಂಶವನ್ನು ಯಾರು ಬೇಕಾದರೂ ಪಡೆದು ಲೆಕ್ಕ ಹಾಕಬಹುದು. ಹುಲಿ ಇರುವ ನಿಖರ ಜಾಗ ಕಳ್ಳಬೇಟೆಗಾರರಿಗೆ ತಿಳಿಯಬಾರದು ಎಂಬ ನಮ್ಮ ಇಲಾಖೆಗಳ ಅಳುಕು ಸುಳ್ಳಲ್ಲ. ಆದರೆ ಜಾಗದ ಗುರುತು ಮರೆಮಾಡಿಯೂ, ಯಾವ ಹುಲಿ ಯಾವ ದಿನ ಎಷ್ಟು ಸಲ ಸಿಕ್ಕಿತು, ಎಷ್ಟು ಕ್ಯಾಮೆರಾ ಎಷ್ಟು ರಾತ್ರಿ ಕೆಲಸ ಮಾಡಿತು ಎಂಬ ಕೋಷ್ಟಕವನ್ನು ಪ್ರಕಟಿಸಬಹುದು.

ಅದೇ ಬೆಟ್ಟಸಾಲಿನಲ್ಲಿ

ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೈ ಒಂದೇ ಅಖಂಡ ಕಾಡು. ಮಗ್ಗುಲಿನ ಬೆಟ್ಟಸಾಲುಗಳಲ್ಲೇ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು, 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲ ಮಣ್ಣುಪಾಲಾದವು. ಇಲ್ಲಿ ಕೆಲಸ ಮಾಡುವ ಸರ್ಕಾರಿ ವಿಜ್ಞಾನಿಗಳು ಬೇರೆಯವರು: 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಕರ್ನಾಟಕದ ಮಟ್ಟಿಗೆ 1988ರ ಬರ ನಿಗಾ ಕೋಶದಿಂದ ಬೆಳೆದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅಂಕಿಅಂಶದ ಸಮಸ್ಯೆ ಮಾತ್ರ ಅದೇ.

ಕುಸಿತದ ಅಪಾಯ ನಕ್ಷೆ ಹಿಂದೆ ಕುಸಿದ ಜಾಗಗಳ ಪಟ್ಟಿಯಿಂದ ತಯಾರಾಗುತ್ತದೆ. ಇಳಿಜಾರು, ಮಣ್ಣಿನ ಆಳ, ಭೂಬಳಕೆ, ನೀರಿನ ಹರಿವನ್ನು ಆ ಪಟ್ಟಿಯೊಡನೆ ಹೋಲಿಸಿ ಮುಂದೆ ಎಲ್ಲಿ ಜರಿಯಬಹುದು ಎಂದು ವಲಯ ಗುರುತಿಸುತ್ತಾರೆ. ಆದರೆ ಪಟ್ಟಿಗೆ ಸೇರುವುದು ರಸ್ತೆ ಮುಚ್ಚಿದ, ಮನೆ ಬಿದ್ದ, ತೋಟ ಹೋದ ಕುಸಿತಗಳೇ ಹೆಚ್ಚು. ಶೋಲಾ ಕಾಡಿನ ನಡುವೆ ಜರಿದು, ಹಸಿರು ಮುಚ್ಚಿಕೊಂಡ ಗಾಯವನ್ನು ಕಾಣುವವರು ಕಡಿಮೆ. ರಸ್ತೆಬದಿಯ ಇಳಿಜಾರೇ ಅತ್ಯಂತ ಅಪಾಯಕಾರಿ ಎಂದು ನಕ್ಷೆ ಹೇಳಿದರೆ, ಅದರಲ್ಲಿ ಗುಡ್ಡ ಅಗೆದ ರಸ್ತೆಯ ದೋಷ ಎಷ್ಟು, ನಾವು ರಸ್ತೆಯಿಂದಲೇ ನೋಡಿದ್ದರ ಪ್ರಭಾವ ಎಷ್ಟು ಎಂದು ಬಿಡಿಸುವುದು ಕಷ್ಟ. ಉಪಗ್ರಹ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ: ಇಸ್ರೋ 2023ರಲ್ಲಿ ಪ್ರಕಟಿಸಿದ ಭೂಕುಸಿತ ಅಟ್ಲಾಸಿನಲ್ಲಿ 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳಿವೆ. ಆದರೆ ಮಳೆಗಾಲದ ಮೋಡ ಸಾಮಾನ್ಯ ಕ್ಯಾಮೆರಾಕ್ಕೆ ಪರದೆ. ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳು, ಉದಾಹರಣೆಗೆ 2025ರ ಜುಲೈಯಲ್ಲಿ ಹಾರಿದ ನಿಸಾರ್, ಒಂದೇ ಜಾಗದ ಮೇಲೆ 12 ದಿನಕ್ಕೊಮ್ಮೆ ಅದೇ ಪಥದಲ್ಲಿ ಬಂದು ಇಂಚಿಗಿಂತ ಕಡಿಮೆ ನೆಲ ಜರುಗಿದ್ದನ್ನೂ ಅಳೆಯಬಲ್ಲವು. ದಟ್ಟ ಕಾಡು ಹೊದ್ದ ಕಡಿದಾದ ಇಳಿಜಾರಿನಲ್ಲಿ ಅವುಗಳ ಅಳತೆಗೂ ಮಿತಿಯಿದೆ. ಮಳೆಮಾಪಕಗಳ ಕಥೆಯೂ ಇದೇ: ಕಣಿವೆಯ ಊರಿನಲ್ಲಿ ಬಿದ್ದ ಮಳೆಗೂ ಕೆಲವೇ ಕಿಲೋಮೀಟರ್ ದೂರದ ಬೆಟ್ಟದ ನೆತ್ತಿಯ ಮಳೆಗೂ ಅಜಗಜಾಂತರವಿರಬಹುದು, ಕುಸಿತ ಶುರುವಾಗುವುದು ನೆತ್ತಿಯ ಬಳಿ.

ಭೂಕಂಪಶಾಸ್ತ್ರ ಈ ವಿಷಯದಲ್ಲಿ ಮುಂದಿದೆ. ಯಾವ ತೀವ್ರತೆಗಿಂತ ಕೆಳಗಿನ ಕಂಪನಗಳು ತನ್ನ ಜಾಲಕ್ಕೆ ತಪ್ಪುತ್ತವೆ ಎಂದು ಅಂದಾಜಿಸಿ, ಅದರ ಮೇಲಿನವನ್ನಷ್ಟೇ ದರ ಲೆಕ್ಕಕ್ಕೆ ಬಳಸುವುದು ಆ ಶಾಸ್ತ್ರದ ಹಳೆಯ ಶಿಸ್ತು. ಗುಡ್ಡ ಕುಸಿತದ ಪಟ್ಟಿಗಳಿಗೆ ಇಂಥ ಶಿಸ್ತನ್ನು ತರಲು ಹೊಸ ಉಪಗ್ರಹಕ್ಕಾಗಿ ಕಾಯಬೇಕಿಲ್ಲ. ಯಾವ ಇಳಿಜಾರನ್ನು, ಯಾವ ವರ್ಷ, ರಸ್ತೆಯಿಂದಲೋ ಕಾಲುನಡಿಗೆಯಿಂದಲೋ ಆಕಾಶದಿಂದಲೋ ನೋಡಲಾಯಿತು, ಯಾವುದನ್ನು ನೋಡಲೇ ಇಲ್ಲ ಎಂಬುದನ್ನು ನಕ್ಷೆಯ ಇನ್ನೊಂದು ಪದರವಾಗಿ ಅಚ್ಚುಮಾಡಿದರೆ ಸಾಕು. ಕೊಡಗಿನ ತಾಲ್ಲೂಕುಗಳಿಂದ ಆರಂಭಿಸಬಹುದು: 2018ರ ಕುಸಿತಗಳನ್ನು ನೆಲದ ಮೇಲಿಂದಲೂ ಉಪಗ್ರಹದಿಂದಲೂ ದಾಖಲಿಸಲಾಗಿದೆ. ಆ ಎರಡು ಪಟ್ಟಿಗಳನ್ನು ಲಿಂಕನ್‌ನ ಎರಡು ಸುತ್ತುಗಳೆಂದು ಭಾವಿಸಿ ಹೋಲಿಸಿದರೆ ಎರಡಕ್ಕೂ ಸಿಗದೆ ಹೋದ ಕುಸಿತಗಳ ಮೊದಲ ಅಂದಾಜು ಸಿಗುತ್ತದೆ. ದೊಡ್ಡ ಕುಸಿತಗಳು ಎರಡೂ ಪಟ್ಟಿಗೆ ಸುಲಭವಾಗಿ ಸಿಗುವುದರಿಂದ ಅವುಗಳನ್ನು ಗಾತ್ರವಾರು ವಿಂಗಡಿಸಿಯೇ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಬರುವ ಸಂಖ್ಯೆ ವಾಸ್ತವಕ್ಕಿಂತ ಕಡಿಮೆ ಇರುತ್ತದೆ.