ನೋಹನ ಜಲಪ್ರಳಯ: ಪ್ರಾದೇಶಿಕ ಪ್ರವಾಹವೆಂಬ ವಾದ

ಬೈಬಲಿನ ಆದಿಕಾಂಡದ 6ರಿಂದ 9ನೇ ಅಧ್ಯಾಯಗಳಲ್ಲಿ ಬರುವ ಜಲಪ್ರಳಯ ಭೂಮಂಡಲವನ್ನೆಲ್ಲ ಮುಳುಗಿಸಿತೋ, ಒಂದು ನಾಡನ್ನಷ್ಟೇ ನುಂಗಿತೋ ಎಂಬ ಚರ್ಚೆ ಹಳೆಯದು. ಜನವಸತಿ ಇದ್ದಷ್ಟು ನೆಲ ಮುಳುಗಿದರೆ ಸಾಕಿತ್ತಲ್ಲ ಎಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟಿಲಿಂಗ್‌ಫ್ಲೀಟ್ 1662ರಲ್ಲೇ ವಾದಿಸಿದ್ದ. ಯಾರ್ಕ್‌ಶೈರಿನ ಗುಹೆಯೊಂದರ ಕೆಸರನ್ನು 1823ರಲ್ಲಿ ವಿಶ್ವಪ್ರಳಯದ ಸಾಕ್ಷಿಯೆಂದ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್, 1836ರ ಹೊತ್ತಿಗೆ ಆ ಮಾತನ್ನು ಕೈಬಿಟ್ಟ.

ಚರ್ಚೆ ಮೆಸೊಪೊಟೇಮಿಯದತ್ತ ಹೊರಳಿದ್ದು 1872ರ ಡಿಸೆಂಬರ್ 3ರಂದು. ನಿನೆವೆಯ ಅವಶೇಷಗಳಲ್ಲಿ ಸಿಕ್ಕ ಗಿಲ್ಗಮೆಶ್ ಕಾವ್ಯದ ಮಣ್ಣಿನ ಫಲಕವೊಂದರಲ್ಲಿ ಇದೇ ಕಥೆ ಇದೆಯೆಂದು ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್ ಲಂಡನ್ನಿನ ಸಭೆಯೊಂದಕ್ಕೆ ತಿಳಿಸಿದ. ದೇವರ ಮುನ್ಸೂಚನೆ, ನಾವೆ, ಅದು ತಂಗಿದ ಬೆಟ್ಟ, ನೀರಿಳಿಯಿತೇ ಎಂದು ನೋಡಲು ಹಾರಿಬಿಟ್ಟ ಹಕ್ಕಿಗಳು, ಎಲ್ಲವೂ ಅಲ್ಲಿದ್ದವು. ಹಕ್ಕಿಗಳ ಸರದಿ ಮಾತ್ರ ಬೇರೆ: ನೋಹ ಮೊದಲು ಬಿಡುವುದು ಕಾಗೆಯನ್ನು, ಫಲಕದಲ್ಲಿ ಪಾರಿವಾಳ ಮೊದಲು, ಕಾಗೆ ಕಡೆಗೆ. ಕಥೆಯ ಬೇರು ಟೈಗ್ರಿಸ್–ಯೂಫ್ರೆಟಿಸ್ ಬಯಲಿನಲ್ಲಿದೆ ಎಂಬುದಕ್ಕೆ ಇದು ಗಟ್ಟಿ ಆಧಾರ. ಆ ಬಯಲೂ ಅಂಥದೇ. ಅನಟೋಲಿಯದ ಬೆಟ್ಟಗಳ ಹಿಮ ಕರಗಿ ನೆರೆ ಏರುವುದು ವಸಂತದಲ್ಲಿ, ಬಾರ್ಲಿ ಕೊಯ್ಲಿನ ಆಸುಪಾಸಿನಲ್ಲಿ. ಇಳಿಜಾರಿಲ್ಲದ ನೆಲದಲ್ಲಿ ದಂಡೆ ಒಡೆದ ನೀರಿಗೆ ತಡೆಯೇ ಇಲ್ಲ.

1929ರಲ್ಲಿ ಲಿಯೊನಾರ್ಡ್ ವೂಲಿ ಉರ್ ನಗರದಲ್ಲಿ ತೋಡಿಸಿದ ಗುಂಡಿಯಲ್ಲಿ ಮಡಕೆಚೂರುಗಳು ನಿಂತು, ಎಂಟಡಿ ದಪ್ಪದ ಶುದ್ಧ ಮೆಕ್ಕಲು ಕಂಡಿತು. ಅದರಡಿ ಮತ್ತೆ ಉಬೈದ್ ಕಾಲದ ಬಣ್ಣದ ಮಡಕೆಗಳು. ಇದೇ ಆ ಪ್ರಳಯವೆಂದು ವೂಲಿ ಸಾರಿದ, ಪತ್ರಿಕೆಗಳು ಹಿಗ್ಗಿದವು. ಆದರೆ ಸುಮಾರು 20 ಕಿ.ಮೀ. ದೂರದ ಎರಿದುವಿನಲ್ಲಿ ಆ ಪದರವೇ ಇಲ್ಲ. ಫಲಕದ ಪ್ರಳಯಕಥೆಯ ನಾಯಕನ ಊರಾದ ಶುರುಪ್ಪಕ್‌ನಲ್ಲಿ 1931ರಲ್ಲಿ ಎರಿಕ್ ಶ್ಮಿತ್ ಕಂಡ ಮೆಕ್ಕಲು ಸುಮಾರು ಕ್ರಿ.ಪೂ. 2900ರದು, ಉರ್‌ನದಕ್ಕಿಂತ ಶತಮಾನಗಳಷ್ಟು ಈಚಿನದು. ಉರ್‌ನಲ್ಲಿ ವೂಲಿಯ ಸಹಾಯಕನಾಗಿದ್ದ ಮ್ಯಾಕ್ಸ್ ಮ್ಯಾಲೊವನ್ನನೇ 1964ರಲ್ಲಿ ಈ ಈಚಿನ ನೆರೆಯ ಪರ ವಾಲಿದ. ಹೀಗೆ ಸಿಕ್ಕವು ಹಲವು ನೆರೆಗಳು. ಯಾವುದರ ಮೇಲೂ ನೋಹನ ಹೆಸರಿಲ್ಲ.

1997ರಲ್ಲಿ ವಿಲಿಯಂ ರಯನ್, ವಾಲ್ಟರ್ ಪಿಟ್‌ಮನ್ ಕಪ್ಪುಸಮುದ್ರದತ್ತ ಬೆರಳು ತೋರಿಸಿದರು: ಸುಮಾರು 7,600 ವರ್ಷಗಳ ಹಿಂದೆ ಮೆಡಿಟರೇನಿಯನ್ ನೀರು ಬಾಸ್ಫರಸ್ ದಾಟಿ ಅಲ್ಲಿಗೆ ನುಗ್ಗಿತಂತೆ. ಅದರ ವೇಗ, ಪ್ರಮಾಣಗಳ ಬಗ್ಗೆ ತಕರಾರು ಮುಗಿದಿಲ್ಲ.

ಪ್ರಾದೇಶಿಕ ವಾದಕ್ಕೆ ದೊಡ್ಡ ತೊಡಕು ಮೂಲಪಾಠವೇ. ನೀರು ಬೆಟ್ಟಗಳಿಗಿಂತ 15 ಮೊಳ ಮೇಲೇರಿತೆಂದೂ ನಾವೆ ಅರರಾಟ್ ಸೀಮೆಯ ಬೆಟ್ಟಗಳ ಮೇಲೆ ನಿಂತಿತೆಂದೂ ಆದಿಕಾಂಡ ಹೇಳುತ್ತದೆ. ಬಯಲಿನ ನೆರೆಗೆ ಸಿಕ್ಕ ದೋಣಿಯಾದರೋ ತೇಲಿಹೋಗಬೇಕಾದದ್ದು ತೆಂಕಣಕ್ಕೆ, ಪರ್ಷಿಯನ್ ಕೊಲ್ಲಿಯ ಕಡೆಗೆ.