ಅಡಿಬರಹ
ಬೇಲೂರು, ಹಳೇಬೀಡುಗಳನ್ನು ಹಲವು ಸಲ ನೋಡಿದ್ದರೂ, ಬೇಲೂರಿನ ಮದನಿಕೆಯರ ಕೆಳಗೆ ಕೊರೆದ ಬಳ್ಳಿಗಾವೆಯ ದಾಸೋಜನ ಹೆಸರನ್ನು ನಾನು ಓದಿದ್ದು ತಡವಾಗಿ. ಜೀವವಿಜ್ಞಾನಕ್ಕೂ ಹೀಗೇ ಆಯಿತು. 1993ರಲ್ಲಿ ಆಂಬ್ರೋಸ್, ರವ್ಕುನ್ ಎಂಬಿಬ್ಬರು, ಜೀವಕೋಶದ ಆಜ್ಞೆಗಳನ್ನು ತಡೆಯುವ, ಸುಮಾರು 22 ಅಕ್ಷರಗಳ ಮೈಕ್ರೋ ಆರ್‌ಎನ್‌ಎಯನ್ನು ಹುಳುವೊಂದರಲ್ಲಿ ಕಂಡರು. ಹುಳುವಿನ ವೈಚಿತ್ರ್ಯವೆಂದು ಲೋಕ ಸುಮ್ಮನಾಯಿತು. 2000ರಲ್ಲಿ ಅಂಥದೇ ಮನುಷ್ಯನಲ್ಲೂ ದೊರೆಯಿತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಮಿರ್-21 ಎಂಬುದು ಹೆಚ್ಚುತ್ತದೆ. ಅದು ಹೆಚ್ಚಿದ ಗೆಡ್ಡೆಗಳಲ್ಲಿ ಮೈಗಾವಲಿನ ಟಿ-ಕಣಗಳು ವಿರಳವೆಂದು 2016ರಲ್ಲಿ ತಿಳಿಯಿತು. 2024ರಲ್ಲಿ ಆ ಇಬ್ಬರಿಗೆ ನೊಬೆಲ್ ಬಂದಿತು.

ಆದರೆ ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿಗೆ ಹೋಗುವ ರೋಗಿಗೆ ಈ ಅರಿವು ಇನ್ನೂ ಔಷಧವಾಗಿಲ್ಲ. ಮಲದಲ್ಲಿ ಕಂಡ ರಕ್ತದ ಗೆರೆಯೂ ಒಂದು ಅಡಿಬರಹವೇ. ನಾಚಿಕೊಂಡು ಅದನ್ನು ಓದದೆ ಬಿಡಬಾರದೆಂದು ನನ್ನ ಬಿನ್ನಹ.